ಚೆಲ್ಲಬೇಕಾದ ಹಾಲು

ಆಡು ಮುಟ್ಟದ ಸೊಪ್ಪಿಲ್ಲ, ನೀನು ಹೆದರದ ವಸ್ತುವಿಲ್ಲ ಎಂದು ನನ್ನ ಗಂಡ ಆಡಿಕೊಳ್ಳುತ್ತಾನೆ. ಅವನು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರ. ದಿನವಿಡೀ ಗೂಡ್ಸ್ ಗಾಡಿಗಳ ಸಂದಿಯಲ್ಲಿ ಓಡಾಡುವವನಿಗೆ ಹೆಂಡತಿಯ ಹೆದರಿಕೆ ಒಂದು ತಮಾಷೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತುತ್ತೇನೆ. ಮಗ ಮಲಗಿದ್ದರೆ ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ. ಆದರೆ ನನ್ನ ಕೆಲಸಕ್ಕೆ ಈ ಗುಣವೇ ಬೇಕು ಎಂದು ಅವನ ಹತ್ತಿರ ವಾದಿಸುತ್ತಿದ್ದೆ. ನಾನು ಪಶುವೈದ್ಯೆ. ಹೊಸ ಔಷಧವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಕೆಲಸ ನನ್ನದು. ಇಂಥ ಕಡೆ ಧೈರ್ಯವಂತರನ್ನು ಇಡಲೇಬಾರದು. ಅವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆ ಬೇಸಿಗೆಯಲ್ಲಿ ನಾವು ಪರೀಕ್ಷಿಸುತ್ತಿದ್ದುದು ಆಡುಗಳ ಕಜ್ಜಿಗೆ ತಯಾರಾದ ಒಂದು ಔಷಧವನ್ನು. ನಮ್ಮ ಕಡೆ ಅದಕ್ಕೆ ಹುರುಕು ಎನ್ನುತ್ತಾರೆ. ಕಣ್ಣಿಗೆ ಕಾಣದ ನುಸಿ ಆಡಿನ ಚರ್ಮದೊಳಗೆ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮೊದಲು ಕಿವಿಯ ಅಂಚು, ಆಮೇಲೆ ಮುಖ, ಆಮೇಲೆ ತೊಡೆಯ ಸಂದಿ. ಕೂದಲು ಉದುರಿ ಚರ್ಮ ದಪ್ಪಗಾಗಿ ಬಿರುಕು ಬಿಡುತ್ತದೆ. ಆಡು ಮೇವು ಬಿಟ್ಟು ಹಗಲೆಲ್ಲ ಕಲ್ಲಿಗೆ ಮೈ ತಿಕ್ಕುತ್ತ ನಿಲ್ಲುತ್ತದೆ. ಶಹಾಬಾದಿನ ಸುತ್ತ ಕಲ್ಲಿಗೇನು ಬರ. ಗೋಡೆ ಕಲ್ಲು, ಮಾಡು ಕಲ್ಲು, ದನ ಕಟ್ಟುವ ಗೂಟವೂ ಕಲ್ಲು. ಹಳೆಯ ಔಷಧಗಳಿಗೆ ಈ ನುಸಿ ಈಗ ಬಗ್ಗುತ್ತಿರಲಿಲ್ಲ. ಆದ್ದರಿಂದ ಒಂದು ಔಷಧ ಕಂಪನಿ ಹೊಸದನ್ನು ಮಾಡಿ, ಅದು ನಿಜವಾಗಿ ಕೆಲಸ ಮಾಡುತ್ತದೆಯೇ, ಬೇರೆ ಏನಾದರೂ ಕೆಡಿಸುತ್ತದೆಯೇ ಎಂದು ನೋಡಲು ನಮ್ಮನ್ನು ನೇಮಿಸಿತ್ತು.

ಶಹಾಬಾದಿನ ಪಕ್ಕದ ಭಂಕೂರದ ಸುತ್ತಲಿನ ಊರುಗಳು ನನ್ನ ಪಾಲಿಗೆ ಬಂದವು. ಮಾಲೀಕರು ಒಪ್ಪಿದ ಆಡುಗಳ ಕೊರಳಿಗೆ ದಾರ ಕಟ್ಟಿದ್ದೆವು. ನೀಲಿ ದಾರದವಕ್ಕೆ ಹೊಸ ಔಷಧ, ಕೆಂಪು ದಾರದವಕ್ಕೆ ಹಳೆಯದು. ಬೆನ್ನೆಲುಬಿನ ಉದ್ದಕ್ಕೂ ಕೂದಲು ಸರಿಸಿ ಸುರಿದರೆ ಆಯಿತು, ಚರ್ಮದಿಂದ ಇಳಿದು ರಕ್ತ ಸೇರುತ್ತದೆ. ಪ್ರತಿ ವಾರ ಹೋಗಿ, ರಕ್ತ ಜಿನುಗುವವರೆಗೆ ಚರ್ಮ ಕೆರೆದು, ಆ ಹಕ್ಕಳೆಯನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದೆ. ಕೆಂಪು ದಾರದ ಆಡುಗಳ ನುಸಿಗಳು ಎಂಟೂ ಕಾಲು ಆಡಿಸುತ್ತ ಆರಾಮಾಗಿದ್ದವು. ನೀಲಿ ದಾರದವು ಕಾಲು ಮಡಚಿಕೊಂಡು ಸತ್ತಿದ್ದವು. ನೋಡಿ ಖುಷಿಪಡಬೇಕಾದ ಕಡೆ ನನಗೆ ಇನ್ನೊಂದು ಚಿಂತೆ. ಇಷ್ಟು ಚೆನ್ನಾಗಿ ಕೊಲ್ಲುವ ಔಷಧ ನುಸಿಯ ಹತ್ತಿರವೇ ನಿಲ್ಲುತ್ತದೆ ಎಂದು ಯಾರು ಹೇಳಬೇಕು.

ಈ ಔಷಧ ನುಸಿಯ ನರಗಳನ್ನು ಹಿಡಿದು ನಿಲ್ಲಿಸುತ್ತದೆ. ದೊಡ್ಡ ಪ್ರಾಣಿಯಲ್ಲಿ ಮಿದುಳಿಗೊಂದು ಬೇಲಿ ಇರುತ್ತದೆ, ಔಷಧ ಅದನ್ನು ದಾಟುವುದಿಲ್ಲ. ಎಳೆಯ ಮರಿಗಳಲ್ಲಿ ಆ ಬೇಲಿ ಇನ್ನೂ ಬಲಿತಿರುವುದಿಲ್ಲ. ತರಬೇತಿಯಲ್ಲಿ ನಮಗೆ ಒಂದು ನಾಯಿಮರಿಯ ವಿಡಿಯೊ ತೋರಿಸಿದ್ದರು. ಇದೇ ಜಾತಿಯ ಔಷಧ ಮೈಗೆ ಜಾಸ್ತಿಯಾಗಿ ಅದು ಮಲಗಿತ್ತು. ಒದ್ದಾಟವಿಲ್ಲ, ಕೂಗಾಟವಿಲ್ಲ. ಕಣ್ಣಿನ ಕಪ್ಪು ಅಗಲವಾಗಿ ಹರಡಿತ್ತು. ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಆಗ ನಾನು ಬಸುರಿ. ಆ ಮರಿಯ ನಿದ್ದೆ ನನ್ನ ತಲೆಯಿಂದ ಹೋಗಲೇ ಇಲ್ಲ.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ಮಗನಿಗೆ ಏಳನೇ ತಿಂಗಳು. ಮುಂಜಾನೆ ಹಾಲು ಕುಡಿಸಿ ಅತ್ತೆಯ ಕೈಗೆ ಕೊಟ್ಟು ಹೊರಟರೆ ಮತ್ತೆ ಕುಡಿಸುವುದು ಸಂಜೆಗೇ. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿಕೊಂಡು ಕುಪ್ಪಸ ಒದ್ದೆಯಾಗುತ್ತಿತ್ತು. ಮೇಲೆ ಸೆರಗು ಹೊದ್ದುಕೊಂಡು ಆಡು ಹಿಡಿಯುತ್ತಿದ್ದೆ.

ಭಂಕೂರದ ಆಚೆಗಿನ ಒಂದು ಊರಿನಲ್ಲಿ ನೀಲಿ ದಾರದ ಒಂದು ಕಪ್ಪು ಆಡು ಇತ್ತು. ಅದರ ಒಡತಿ ಅರವತ್ತು ದಾಟಿದ ವಿಧವೆ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಆ ಆಡು ಹಾಲು ಕೊಡುತ್ತಿತ್ತು. ಔಷಧ ಹಾಲಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂದು ತಿಳಿಯುವುದಕ್ಕಾಗಿಯೇ ಹಾಲಿನ ಆಡುಗಳನ್ನೂ ಸೇರಿಸಿಕೊಂಡಿದ್ದೆವು. ವಾರಕ್ಕೊಮ್ಮೆ ನಾನು ಸಣ್ಣ ಶೀಷೆಯಲ್ಲಿ ಹಾಲು ಒಯ್ಯಬೇಕು, ಉಳಿದ ಹಾಲನ್ನು ಮನೆಯವರು ದಿನವೂ ಕರೆದು ಚೆಲ್ಲಬೇಕು. ಕುಡಿಯಬಾರದು, ಮಾರಬಾರದು ಎಂದು ನಾನು ಒಂದಲ್ಲ, ಹತ್ತು ಸಲ ಹೇಳಿದ್ದೆ. ಪ್ರತಿ ಸಲವೂ ಆಯಿ ತಲೆಯಾಡಿಸುತ್ತಿದ್ದಳು.

“ಯವ್ವಾ, ಎಷ್ಟ್ ಸರ್ತಿ ಹೇಳ್ತಿ. ನನ್ನ ಬಾಯಾಗ ಒಂದ್ ಹನಿ ಹೋಗಿಲ್ಲ. ಚಾ ಸೈತ ಕರೀದೇ ಕುಡೀಲಿಕತ್ತೀನಿ.”

ಅದು ಖರೆಯೇ. ನನಗೂ ಕರಿ ಚಹಾವನ್ನೇ ಕೊಡುತ್ತಿದ್ದಳು.

ಔಷಧ ಸುರಿದ ಎರಡನೇ ವಾರ ನಾನು ಹೋದಾಗ ಬಿಸಿಲು ಆಗಲೇ ಏರಿತ್ತು. ಆಯಿಯ ಅಂಗಳದಲ್ಲಿ ತೊಗರಿ ಕಟ್ಟಿಗೆಯ ಚಪ್ಪರದ ಕೆಳಗೆ ಕುಳಿತು ಆಡಿನ ಕಿವಿ ನೋಡುತ್ತಿದ್ದೆ. ಬಿರುಕು ಮುಚ್ಚಿ ಹೊಸ ಕೂದಲು ಮೂಡಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಒಂದು ಸ್ಟೀಲಿನ ಗಿಂಡಿ ಹಿಡಿದು ಒಳಗೆ ಬಂದಳು. ನನ್ನನ್ನು ನೋಡಿ ಸಲಾಂ ಮಾಡಿ ನಕ್ಕಳು. ಆಯಿ ಎದ್ದು ಹೋಗಿ ಒಲೆಯ ಮೇಲಿದ್ದ ಪಾತ್ರೆಯಿಂದ ಆ ಗಿಂಡಿಗೆ ಹಾಲು ಸುರಿದಳು.

“ಆಯಿ, ಅದು ಯಾವ ಹಾಲು?” ಎಂದೆ.

“ಇದರದೇ,” ಎಂದು ಆಯಿ ನೀಲಿ ದಾರದ ಆಡನ್ನು ತೋರಿಸಿದಳು. “ಇಕಿ ಮಗಳು ಬಾಣಂತನಕ್ಕ ಬಂದಾಳ. ಎದಿಯಾಗ ಹಾಲ ಕಮ್ಮಿ ಅದ. ಎರಡ್ ತಿಂಗಳಿನ ಕೂಸು.”

ಕೈಯಲ್ಲಿದ್ದ ಬ್ಲೇಡು ಕೆಳಗೆ ಬಿತ್ತು. ನಾನು ಎದ್ದು ಗಿಂಡಿ ಕಸಿದುಕೊಂಡೆ, ಹಾಲು ಇಬ್ಬರ ಸೀರೆಯ ಮೇಲೂ ಚೆಲ್ಲಿತು. ಆಯಿಯ ಮುಖ ಕೆಂಪಗಾಯಿತು.

“ಹಾಲ ನೆಲಕ್ಕ ಚೆಲ್ಲಬ್ಯಾಡ. ಆಡಿನ ಮೊಲಿ ಬತ್ತತಾವ,” ಎಂದಳು. “ಕುಡೀಬ್ಯಾಡ ಅಂದಿ, ಕುಡೀಲಿಲ್ಲ. ಮಾರಬ್ಯಾಡ ಅಂದಿ, ಮಾರಲಿಲ್ಲ. ಹಸದ ಕೂಸು ಬಾಗಿಲಿಗಿ ಬಂದ್ರ ಇಲ್ಲ ಅನ್ನದು ನಮ್ಮ ಮನ್ಯಾಗ ಇಲ್ಲ. ನಮ್ಮತ್ತಿ ಕಾಲದಿಂದ ಕೊಡಕೋತ ಬಂದೀವಿ. ಅದಕ್ಕ ಯಾರರ ರೊಕ್ಕ ತೊಗೋತಾರೇನು? ಮತ್ತ ಹಸಿ ಹಾಲ ಕೊಟ್ಟಿಲ್ಲ, ಛಲೋತ್ನಂಗ ಕುದಿಸೀನಿ.”

ಕುದಿಸಿದರೆ ಇದು ಹೋಗುವುದಿಲ್ಲ ಎಂದೆ. ಆಯಿ ಗೂಟದ ಕಡೆ ಕೈ ಮಾಡಿದಳು. ಅಲ್ಲಿ ಆ ಆಡಿನ ಮರಿ ಹಗ್ಗ ಜಗ್ಗುತ್ತ ಜಿಗಿಯುತ್ತಿತ್ತು.

“ಅದು ಬಿಡಿಸ್ಕೊಂಡು ಬಿಡಿಸ್ಕೊಂಡು ಕುಡದದ. ನೋಡು ಹ್ಯಾಂಗ ಕುಣೀಲಿಕತ್ತದ. ಮರಿಗಿ ಆಗಲಾರದ್ದು ಕೂಸಿಗಿ ಏನ್ ಆಗ್ತದ?”

ಈ ಪ್ರಶ್ನೆಗೆ ಕಂಪನಿಯವರ ಹತ್ತಿರವೂ ಉತ್ತರವಿರಲಿಲ್ಲ. ನಾವು ಅಲ್ಲಿಗೆ ಬಂದಿದ್ದೇ ಆ ಉತ್ತರ ಹುಡುಕುವುದಕ್ಕೆ.

“ಎಷ್ಟು ದಿನದಿಂದ ಕುಡಿಸುತ್ತಿದ್ದೀರಿ?” ಎಂದು ಪಕ್ಕದ ಮನೆಯಾಕೆಯನ್ನು ಕೇಳಿದೆ.

“ನಾಕೈದು ದಿನ ಆತ್ರಿ ಡಾಕ್ಟರಮ್ಮ,” ಎಂದಳು ಆಕೆ. ನನ್ನ ಮುಖ ನೋಡಿ ಅವಳಿಗೂ ಗಾಬರಿ ಹತ್ತುತ್ತಿತ್ತು, ಆದರೂ ನನಗೆ ಸಮಾಧಾನವಾಗಲಿ ಎಂದು ಮುಂದಿನ ಮಾತು ಹೇಳಿದಳು. “ಭಾಳ ಒಗ್ಗೇದ್ರಿ. ಮೊದಲ ಹಗಲೂ ರಾತ್ರಿ ಅಳತಿತ್ತು. ಈ ಹಾಲು ಕುಡೀಲಿಕ್ಕ ಹತ್ತಿದಾಗಿಂದ ಆರಾಮ ಮಲಗ್ತದ. ಈಗೂ ಮುಂಜಾನಿ ಮಲಗಿದ್ದು ಇನ್ನಾ ಎದ್ದಿಲ್ಲ.”

ನಾನು ಪಕ್ಕದ ಮನೆಗೆ ಓಡಿದೆ. ಒಳಗೆ ಬಾಣಂತಿ ಹುಡುಗಿ ತೊಟ್ಟಿಲಿನ ಹಗ್ಗ ಹಿಡಿದು ಕುಳಿತಿದ್ದಳು. ಹೆಣ್ಣು ಕೂಸು. ಹಣೆಯ ಮೇಲೊಂದು ಕಾಡಿಗೆಯ ಬೊಟ್ಟು, ಮುಚ್ಚಿದ ಮುಷ್ಟಿ. ಎತ್ತಿಕೊಂಡೆ. ತಲೆ ನನ್ನ ತೋಳಿನ ಮೇಲೆ ಹಿಂದಕ್ಕೆ ವಾಲಿತು. ಎರಡು ತಿಂಗಳ ಕೂಸಿನ ಕತ್ತು ಹಾಗೇ ವಾಲುತ್ತದೆ, ನನ್ನ ಮಗನದೂ ವಾಲುತ್ತಿತ್ತು. ಆದರೆ ಅಷ್ಟೇ ವಾಲುತ್ತಿತ್ತೋ, ಇಷ್ಟು ವಾಲುತ್ತಿತ್ತೋ? ಅಂಗಾಲಿಗೆ ಉಗುರಿನಿಂದ ಗೀರಿದೆ. ಕೂಸು ಕಾಲನ್ನು ಒಂದಿಷ್ಟು ಎಳೆದುಕೊಂಡು ಮತ್ತೆ ಸುಮ್ಮನಾಯಿತು. ರೆಪ್ಪೆ ಎತ್ತಿ ನೋಡಿದೆ. ಆ ಮನೆಯೊಳಗಿನ ಮಬ್ಬು ಬೆಳಕಿನಲ್ಲಿ ಕಣ್ಣಿನ ಕಪ್ಪು ದೊಡ್ಡದಾಗಿಯೇ ಕಂಡಿತು. ಮಬ್ಬಿನಲ್ಲಿ ಎಲ್ಲರದೂ ದೊಡ್ಡದಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದದ್ದು ಯಾವುದೂ ಆ ಗಳಿಗೆಯಲ್ಲಿ ಉಪಯೋಗಕ್ಕೆ ಬರಲಿಲ್ಲ.

ಟಂಟಂ ಆಟೊ ಹಿಡಿದು ಶಹಾಬಾದಿನ ದವಾಖಾನೆಗೆ ಹೊರಟೆವು. ಬಾಣಂತಿ, ಅವಳ ತಾಯಿ, ನಾನು. ಕರೆಯದಿದ್ದರೂ ಆಯಿ ಹತ್ತಿ ನನ್ನ ಎದುರು ಕುಳಿತಳು. ದಾರಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿದ ಲಾರಿಗಳು, ಅವುಗಳ ಹಿಂದೆ ಎದ್ದ ಬಿಳಿ ಧೂಳು. ಬಾಣಂತಿ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದಳು, ನಾನು ಸರಿಸುತ್ತಿದ್ದೆ. ಮುಖ ನನ್ನ ಕಣ್ಣಿಗೆ ಕಾಣುತ್ತಲೇ ಇರಬೇಕಿತ್ತು.

ನಾನು ಕಂಪನಿಯ ಮೇಲ್ವಿಚಾರಕನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಕೇಳಿ ಆತ ಮೊದಲು ಆಡಿದ ಮಾತು, “ಹಾಲು ಬಳಸಬಾರದು ಅಂತ ನೀವು ಅವರಿಗೆ ಸ್ಪಷ್ಟವಾಗಿ ಹೇಳಿದ್ದಿರಿ ತಾನೇ?”

“ಸರ್, ಕೂಸು ಏಳ್ತಾ ಇಲ್ಲ. ದವಾಖಾನೆಯಲ್ಲಿ ಏನು ಕೊಡಬೇಕು, ಅದನ್ನು ಹೇಳಿ.”

ಅವನು ಹೇಳಿದ. ಇದಕ್ಕೆ ಪ್ರತಿಮದ್ದು ಇಲ್ಲ. ಹಾಲಿನಲ್ಲಿ ಇಳಿದದ್ದು ಬಹಳ ಕಡಿಮೆ ಇರಬೇಕು, ಆದರೆ ಎಷ್ಟೆಂದು ಇನ್ನೂ ಲೆಕ್ಕ ಬಂದಿಲ್ಲ. ಎಚ್ಚರಾಗುತ್ತದೆಯೇ, ಬೆಳಕಿಗೆ ಕಣ್ಣು ಕಿರಿದಾಗುತ್ತದೆಯೇ, ಹಾಲನ್ನು ಜೋರಾಗಿ ಚೀಪುತ್ತದೆಯೇ, ಇವನ್ನು ನೋಡಿ. ಚೀಪುವುದು ಮುಖ್ಯ. ನರ ಸೋತರೆ ಮೊದಲು ಸೋಲುವುದು ಅದೇ. ಇಷ್ಟು ಹೇಳಿ, ಔಷಧದ ವಿವರ ಕಳಿಸುತ್ತೇನೆ ಎಂದು ಫೋನಿಟ್ಟ.

ಶಹಾಬಾದಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಸಿಮೆಂಟಿನ ಗೂಡ್ಸ್ ಗಾಡಿ, ಡಬ್ಬಿಗಳು ಮುಗಿಯುತ್ತಲೇ ಇಲ್ಲ. ಅಷ್ಟು ಸದ್ದಾದರೂ ಕೂಸು ಏಳಲಿಲ್ಲ. ಬಾಣಂತಿಯ ತಾಯಿ ತುಟಿಯಲ್ಲೇ ದುವಾ ಮಾಡುತ್ತಿದ್ದಳು. ಆಯಿ ಹಿಡಿ ಬಿಗಿದುಕೊಂಡು ಕೂಸನ್ನೇ ನೋಡುತ್ತಿದ್ದಳು. ನನಗೆ ಆ ನಾಯಿಮರಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ದೇವರಿಗೆ ಹರಕೆ ಹೊರುವ ಅಭ್ಯಾಸ ನನಗಿಲ್ಲ. ಅವತ್ತು ಯಾವ ದೇವರನ್ನು ಬಿಟ್ಟೆ, ಯಾವ ದೇವರನ್ನು ಹಿಡಿದೆ, ನೆನಪಿಲ್ಲ.

ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಶಾಂತ ಮನುಷ್ಯ. ಔಷಧದ ವಿವರವನ್ನು ನನ್ನ ಫೋನಿನಲ್ಲಿ ಎರಡು ಸಲ ಓದಿದರು. ಕೂಸಿನ ಅಂಗಿ ಬಿಚ್ಚಿ, ಎದೆ ಕೇಳಿ, ಕಣ್ಣಿಗೆ ಬ್ಯಾಟರಿ ಬಿಟ್ಟರು. ಕಣ್ಣಿನ ಕಪ್ಪು ಕಿರಿದಾಯಿತು. ನಾನು ಗೋಡೆಗೆ ಒರಗಿದೆ. ಅವರು ಒದ್ದೆ ಅರಿವೆಯಿಂದ ಮುಖ ಒರೆಸಿ, ಅಂಗಾಲಿಗೆ ಬೆರಳಿನಿಂದ ಜೋರಾಗಿ ಬಡಿದರು. ಕೂಸು ಮುಖ ಕಿವುಚಿ, ಬಾಯಿ ಅಗಲಿಸಿ, ಸಣ್ಣಗೆ ಅತ್ತಿತು.

“ಎದ್ದದ,” ಎಂದರು ಡಾಕ್ಟರು. “ಆದ್ರ ಅಳು ಸಣ್ಣದದ. ಹಸಿವಿಗೆ ಸೋತಿರಬಹುದು, ಔಷಧಕ್ಕೂ ಇರಬಹುದು. ಎದಿ ಹಾಲು ಕುಡಸ್ರಿ. ಹ್ಯಾಂಗ ಚೀಪತದ ನೋಡೋಣ.”

ಬಾಣಂತಿ ಮಂಚದ ಮೇಲೆ ಕುಳಿತು ಕೂಸನ್ನು ಎದೆಗೆ ಹಚ್ಚಿಕೊಂಡಳು. ಕೂಸು ಎರಡು ಸಲ ಚೀಪಿ ಬಿಟ್ಟುಬಿಟ್ಟಿತು. ಮತ್ತೆ ಹಚ್ಚಿದಳು. ಮತ್ತೆ ಬಿಟ್ಟಿತು. ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎದೆಯಲ್ಲಿ ಹಾಲಿಲ್ಲದ್ದಕ್ಕೆ ಬಿಡುತ್ತಿದೆಯೋ, ಚೀಪುವ ಶಕ್ತಿ ಇಲ್ಲದ್ದಕ್ಕೋ? ಹಾಲಿಲ್ಲದ ಎದೆಯಲ್ಲಿ ಅದು ಗೊತ್ತಾಗುವಂತಿರಲಿಲ್ಲ. ಪುಡಿ ಹಾಲಿನ ಡಬ್ಬಿ ತರಲು ಬಾಣಂತಿಯ ತಾಯಿ ಪೇಟೆಗೆ ಓಡಿದಳು. ಡಾಕ್ಟರು ಮತ್ತೊಬ್ಬ ರೋಗಿಯ ಹತ್ತಿರ ಹೋದರು. ಹುಡುಗಿ ಅಳಲು ಶುರು ಮಾಡಿದಳು.

ಆಗ ಆಯಿ ನನ್ನ ಕಡೆ ತಿರುಗಿದಳು. ಕೂಸು ಅತ್ತ ಸದ್ದಿಗೆ ನನ್ನ ಕುಪ್ಪಸ ಪೂರ್ತಿ ತೊಯ್ದು ಸೆರಗಿನಾಚೆಗೂ ಕಾಣುತ್ತಿತ್ತು.

“ನಿನ್ನ ಎದಿಯಾಗ ಹಾಲು ಅದ,” ಎಂದಳು. “ತೊಗೊ, ಕುಡಸು. ಚೀಪತದೋ ಇಲ್ಲೋ ಗೊತ್ತಾಗ್ತದ.”

ಹುಡುಗಿ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. “ಕುಡಸ್ರಿ ಅಕ್ಕ. ನಮ್ಮಲ್ಲಿ ಹಾಲ ಕೊಟ್ಟವ್ರು ತಾಯಿನೇ ಆಗ್ತಾರ್ರಿ,” ಎಂದು ಕೂಸನ್ನು ಮುಂದೆ ಚಾಚಿದಳು.

ನನ್ನ ಕೈ ಮುಂದೆ ಹೋಯಿತು. ಅರ್ಧಕ್ಕೇ ನಿಂತಿತು. ಆ ಮುಂಜಾನೆ ಭಂಕೂರದ ಹತ್ತಿರ ಇನ್ನೊಂದು ಹಿಂಡಿಗೆ ನಾನೇ ಔಷಧ ಸುರಿದು ಬಂದಿದ್ದೆ. ಕೈಗವಸು ಹಾಕಿಕೊಂಡೇ ಸುರಿದಿದ್ದೆ. ಆದರೆ ಆ ಬಿಸಿಲಿನಲ್ಲಿ ಕೈಗವಸಿನೊಳಗೆ ಬೆವರು ತುಂಬಿ ಜಾರುತ್ತದೆ, ಆಡು ಕೊಸರಿದರೆ ಹರಿಯುತ್ತದೆ, ಔಷಧ ಸಿಡಿದು ಮುಂಗೈಗೆ ಹಾರುತ್ತದೆ. ಆಡಿನ ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಹಾಲಿಗೆ ಇಳಿಯುವ ಔಷಧಕ್ಕೆ ನನ್ನ ಚರ್ಮ ಏನು ಬೇರೆ?

“ಆಗೂದಿಲ್ಲ ಆಯಿ,” ಎಂದೆ. “ನಾನು ದಿನಾ ಅದೇ ಔಷಧ ಮುಟ್ಟತೀನಿ. ನನ್ನ ಹಾಲಿನ್ಯಾಗೂ ಇಳಿದಿದ್ರ?”

ಆಯಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ಮತ್ತ ನಿನ್ನ ಮಗಗ ಮುಂಜಾನಿ ಏನ್ ಕುಡಿಸಿ ಬಂದಿ ಯವ್ವಾ?” ಎಂದಳು.

ಗ್ಯಾಸಿಗೆ ಹೆದರಿದವಳು, ನಾಯಿಮರಿಯ ನಿದ್ದೆಗೆ ಹೆದರಿದವಳು, ಪರರ ಕೂಸಿನ ಕಣ್ಣಿನ ಕಪ್ಪಿಗೆ ಹೆದರಿದವಳು, ಇದೊಂದಕ್ಕೆ ಮಾತ್ರ ಹೆದರಿರಲಿಲ್ಲ. ಪ್ರತಿ ಸಂಜೆ ಬಾಗಿಲಲ್ಲೇ ಚೀಲ ಇಟ್ಟು, ಕೈ ತೊಳೆದು, ಮಗನನ್ನು ಎತ್ತಿಕೊಳ್ಳುತ್ತಿದ್ದೆ. ದಿನವೆಲ್ಲ ಕಟ್ಟಿಕೊಂಡಿದ್ದ ಹಾಲು, ಗಟಗಟನೆ ಕುಡಿಯುತ್ತಿದ್ದ. ಕುಡಿದ ಮೇಲೆ ಎಂಥ ನಿದ್ದೆ ಮಾಡುತ್ತಾನೆ ನೋಡು ಎಂದು ಗಂಡನನ್ನು ಕರೆದು ತೋರಿಸುತ್ತಿದ್ದೆ.

ಅಷ್ಟರಲ್ಲಿ ಹುಡುಗಿಯ ತಾಯಿ ಡಬ್ಬಿ ತಂದಳು. ನರ್ಸು ಬಿಸಿನೀರಿನಲ್ಲಿ ಕಲಸಿ, ಹೊಸ ಬಾಟಲಿಗೆ ಹಾಕಿ ಕೊಟ್ಟಳು. ಕೂಸು ಮೊದಲು ತುಟಿ ಬಿಗಿಹಿಡಿಯಿತು. ರುಚಿ ಹತ್ತಿದ ಮೇಲೆ ಬಾಟಲಿಯನ್ನು ಒಳಗೆಳೆದುಕೊಳ್ಳುವ ಹಾಗೆ ಚೀಪತೊಡಗಿತು. ಗುಟುಕು ನುಂಗುವ ಸದ್ದು ನಮಗೆಲ್ಲ ಕೇಳುತ್ತಿತ್ತು. ಬಾಟಲಿ ಖಾಲಿಯಾದಾಗ ನರ್ಸು ಅದನ್ನು ಬಾಯಿಂದ ತೆಗೆದಳು. ಕೂಸು ಮುಖ ಕೆಂಪಗೆ ಮಾಡಿಕೊಂಡು, ಕೈಕಾಲು ಒದರಿ, ವಾರ್ಡೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಳತೊಡಗಿತು. ಡಾಕ್ಟರು ಬಾಗಿಲಲ್ಲಿ ನಿಂತು ನಕ್ಕರು. ಸಂಜೆತನಕ ಇಟ್ಟುಕೊಂಡು ನೋಡೋಣ, ಆದರೆ ಇದು ಹಸಿದ ಕೂಸೇ ಹೊರತು ಬೇರೇನೂ ಅಲ್ಲ ಅನಿಸುತ್ತದೆ ಎಂದರು. ಹುಡುಗಿಯ ತಾಯಿ ಆಯಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಆಯಿ ಆಕೆಯ ಬೆನ್ನು ಸವರುತ್ತ ಕುಳಿತಳು.

ನಾನು ವೆರಾಂಡಕ್ಕೆ ಬಂದು ಮನೆಗೆ ಫೋನು ಮಾಡಿದೆ. ಅತ್ತೆ ಎತ್ತಿಕೊಂಡರು.

“ಹುಡುಗ ಏನ್ ಮಾಡ್ಲಿಕತ್ತಾನ್ರಿ?”

“ಮಲಗ್ಯಾನ,” ಎಂದರು ಅತ್ತೆ. “ನೀ ಹಾಲ ಕುಡಿಸಿ ಹೋದಿಯಲ್ಲ, ಅವಾಗಿಂದ ಬರೇ ನಿದ್ದಿ. ನಡಕ ಎದ್ದು ಒಂದೀಟು ಗಂಜಿ ತಿಂದು ಮತ್ತ ಮಲಗಿದ. ಛಲೋ ಹುಡುಗ.”

“ಎಬ್ಬಸ್ರಿ.”

“ಯಾಕ? ಮಲಗಿದ ಕೂಸಿನ್ನ ಎಬ್ಬಸ್ತಾರೇನು?”

“ಎಬ್ಬಸ್ರಿ ಅತ್ತಿ. ಅಂಗಾಲಿಗಿ ಬಡೀರಿ.”

ನನಗೇನಾಗಿದೆ ಎಂದು ಅವರು ಗೊಣಗುತ್ತ ಫೋನನ್ನು ಎಲ್ಲೋ ಇಟ್ಟರು. ಬಳೆಗಳ ಸದ್ದು ಕೇಳಿತು. ಅವನ ಹೆಸರು ಹಿಡಿದು ಕರೆದದ್ದು ಕೇಳಿತು. ಮತ್ತೊಮ್ಮೆ ಕರೆದರು. ನಾನು ವೆರಾಂಡದ ಕಂಬ ಹಿಡಿದು ನಿಂತಿದ್ದೆ. ಆಮೇಲೆ ಅವನು ಅತ್ತ. ನಿದ್ದೆ ಕೆಟ್ಟ ಸಿಟ್ಟಿಗೆ, ಉಸಿರು ಕಟ್ಟುವಂತೆ, ಒಂದೇ ಸಮನೆ ಅತ್ತ. ಅತ್ತೆ ಅವನನ್ನು ಎತ್ತಿಕೊಂಡು ಲಾಲಿಸುತ್ತ, ನಡುನಡುವೆ ನನ್ನನ್ನು ಬೈಯುತ್ತಿದ್ದರು. ಫೋನನ್ನು ಕಿವಿಗೆ ಒತ್ತಿಕೊಂಡೆ. ಸುಮ್ಮನಾಗಿಸಬ್ಯಾಡ್ರಿ, ಇನ್ನೂ ಸ್ವಲ್ಪ ಅಳಲಿ ಎಂದೆ.